ಕಾಡಂಚಿನ ಊರಿಗೆ ಯಾವ ಕರೆಂಟು?

ಆಷಾಢ ಮುಗಿಯುತ್ತ ಬಂದರೂ ಘಟ್ಟದ ಮೇಲೆ ಮಳೆ ಹೊಳವಾಗುವ ಲಕ್ಷಣವಿಲ್ಲ. ಟಾರು ರಸ್ತೆ ಬಿಟ್ಟು ನಾಲ್ಕೈದು ಕಿಲೋಮೀಟರ್ ಒಳಗೆ ಕಾಡಿನ ಸೆರಗಿನಲ್ಲಿ ಎಂಟು-ಹತ್ತು ಮನೆ, ಅವುಗಳ ಕೆಳಗೆ ಅಡಿಕೆ ತೋಟ. ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ಬಿಸಿಲು ಕಂಡು ವಾರವಾಗಿದೆ. ಇನ್ವರ್ಟರ್ ಸಂಜೆಯಿಂದಲೇ ಕೀಂಕೀಂ ಎನ್ನುತ್ತಿದೆ. ಮಗಳ ಆನ್‌ಲೈನ್ ಪರೀಕ್ಷೆಗೆಂದು ಮೊಬೈಲ್ ಚಾರ್ಜು ಉಳಿಸಿ, ಮನೆಮಂದಿ ಒಂದೇ ದೀಪದ ಕೆಳಗೆ ಊಟಕ್ಕೆ ಕುಳಿತಿದ್ದಾರೆ. ಮನೆಯ ಹಿಂದೆ, ಎದುರು ಕುಳಿತವರ ಮಾತೂ ಕೇಳಿಸದಷ್ಟು ಜೋರಾಗಿ ಹಳ್ಳ ಧುಮುಕುತ್ತಿದೆ.

ಹೊಸನಗರ, ತೀರ್ಥಹಳ್ಳಿ, ಕಳಸ, ಬೆಳ್ತಂಗಡಿ, ಸಿದ್ದಾಪುರ, ಜೋಯಿಡಾ ಕಡೆಯವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ನೀರಿದೆ, ಎತ್ತರವಿದೆ, ಬೇಸಿಗೆಯಲ್ಲಿ ಸುಡುವ ಬಿಸಿಲಿದೆ, ಕೊಟ್ಟಿಗೆಯಲ್ಲಿ ಸಗಣಿಯಿದೆ, ಬೆಟ್ಟದಲ್ಲಿ ದರಕು-ಸೌದೆಯಿದೆ. ಇಲ್ಲದ್ದು ಕರೆಂಟು ಮಾತ್ರ.

ಇಂಥ ಊರಿನವರು ಸಲಹೆ ಕೇಳಲು ಹೊರಟರೆ ಸಲಹೆಗೆ ಬರವಿಲ್ಲ. ಸೋಲಾರ್ ಅಂಗಡಿಯವರು ಮೂರು ಕಿಲೋವಾಟ್ ಹಾಕಿಸಿ ಎನ್ನುತ್ತಾರೆ. ವಿದ್ಯುತ್ ಕಂಪನಿಯವರು ಎಸ್ಟಿಮೇಟ್ ಮಾಡಬೇಕು, ಅರಣ್ಯದವರ ಒಪ್ಪಿಗೆ ಬೇಕು ಎನ್ನುತ್ತಾರೆ. ಪೇಟೆಯ ನೆಂಟರು ಜನರೇಟರ್ ತಂದುಬಿಡಿ ಎನ್ನುತ್ತಾರೆ. ಯೂಟ್ಯೂಬಿನಲ್ಲಿ ಗಾಳಿಯಂತ್ರ ತಿರುಗುತ್ತದೆ, ಮರಗಳ ನಡುವಿನ ಕಣಿವೆಯಲ್ಲಿ ಅದು ತಿರುಗುವುದು ಅಷ್ಟರಲ್ಲೇ ಇದೆ. ಎಲ್ಲರೂ ತಮ್ಮಲ್ಲಿ ಇರುವುದನ್ನೇ ಹೇಳುತ್ತಾರೆ. ಊರಿಗೆ ಏನು ಬೇಕೆಂದು ಯಾರೂ ಕೇಳಿರುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿ ನೋಡಿದ ತಜ್ಞರು ಕರ್ನಾಟಕದಲ್ಲೇ ಇದ್ದರು. ಅವರು ಹೋದದ್ದು ಮಲೆನಾಡಿಗಲ್ಲ, ತುಮಕೂರು ಜಿಲ್ಲೆಯ ಬಯಲಿಗೆ.

ಪುರದಲ್ಲಿ ನಡೆದದ್ದು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಪುಟ್ಟ ಘಟಕ ಶುರುವಾಯಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ಅದರ ಹಿಂದಿದ್ದವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಹೆಸರು ಮಾಡಿದ್ದ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆ ಹೊಕ್ಕು ಲೆಕ್ಕ ಹಾಕಿದರು: ಯಾವ ಕೆಲಸಕ್ಕೆ ಯಾವ ಉರುವಲು, ಯಾರ ರಟ್ಟೆ, ಎಷ್ಟು ಹೊತ್ತು. ಆ ಹಳ್ಳಿಗಳಲ್ಲಿ ಪುರವೂ ಒಂದು.

ಕಂಡದ್ದು ಅಚ್ಚರಿಯದು. ಪುರಕ್ಕೆ ಆಗಲೇ ವಿದ್ಯುತ್ ಬಂದಿತ್ತು, ಆದರೂ ಊರು ಬಳಸುವ ಒಟ್ಟು ಶಕ್ತಿಯಲ್ಲಿ ಅದರ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಶೇ 80ಕ್ಕಿಂತ ಹೆಚ್ಚು ಬರುತ್ತಿದ್ದುದು ಸೌದೆಯಿಂದ. ಅದನ್ನು ತರಲು ಒಂದೊಂದು ಮನೆ ದಿನಕ್ಕೆ ಸುಮಾರು ಎರಡೂವರೆ ಗಂಟೆ ವ್ಯಯಿಸಿ ಐದು ಕಿಲೋಮೀಟರಿನಷ್ಟು ನಡೆಯುತ್ತಿತ್ತು. ನಡೆಯುವವರಲ್ಲಿ ಹೆಂಗಸರು, ಮಕ್ಕಳು ಬಹಳ. ಬೆಂಗಳೂರಿನಲ್ಲಿ ಕುಳಿತು ಮೆಗಾವಾಟಿನ ಲೆಕ್ಕ ಹಾಕುವವರ ಪಟ್ಟಿಯಲ್ಲಿ ಈ ನಡಿಗೆಗೆ ಜಾಗವೇ ಇರಲಿಲ್ಲ.

ಸೌದೆಯೇ ಕಷ್ಟವಾದರೆ ಅಡುಗೆ ಅನಿಲ ಕೊಡೋಣ ಎಂದು ತಜ್ಞರು ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅದು ನಡೆಯಲಿಲ್ಲ. ಊರಿನ ಎಲ್ಲ ಒಲೆ ಉರಿಸುವಷ್ಟು ಅನಿಲ ಹುಟ್ಟುತ್ತಿರಲಿಲ್ಲ, ಮೇಲಾಗಿ ಊರಿನವರ ಮನಸ್ಸು ಬೇರೆ ಕಡೆ ಇತ್ತು. ಅವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು, ಆಮೇಲೆ ನೆಟ್ಟಗೆ ಉರಿಯುವ ದೀಪ. ಲೈನಿನ ವೋಲ್ಟೇಜ್ ನಂಬಿ ಕೂರುವಂತಿರಲಿಲ್ಲ.

1987ರಲ್ಲಿ ಯೋಜನೆ ತಿರುಗಿತು. ಅದೇ ಸಗಣಿಯ ಅನಿಲವನ್ನು ಡೀಸೆಲ್ ಜೊತೆ ಬೆರೆಸಿ ಸುಮಾರು ಐದು ಕಿಲೋವಾಟಿನ ಪುಟ್ಟ ಎಂಜಿನ್ ಓಡಿಸಿದರು. ಅದರಿಂದ ಬಂದ ಕರೆಂಟು ಕೊಳವೆಬಾವಿಯ ನೀರೆತ್ತಿತು, ಸಂಜೆಗೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಸಿತು. ಸಗಣಿ ತಂದುಹಾಕಿದವರಿಗೆ ಕಿಲೋಗೆ ಎರಡು ಪೈಸೆ ಸಿಗುತ್ತಿತ್ತು, ಅನಿಲ ತೆಗೆದ ಮೇಲಿನ ರಾಡಿ ಗೊಬ್ಬರವಾಗಿ ಅವರವರ ತಿಪ್ಪೆಗೆ ಮರಳುತ್ತಿತ್ತು. ಎಂಜಿನ್ ನೋಡಿಕೊಂಡವರು ಊರಿನ ಹುಡುಗರೇ.

ಇನ್ನೊಂದು ಸಂಗತಿಯನ್ನು ರೆಡ್ಡಿಯವರು ಆಮೇಲೆ ಒಂದು ಪ್ರಬಂಧವನ್ನೇ ಬರೆದು ವಿವರಿಸಿದರು. ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ ಎಂಬುದು ಅರ್ಥಶಾಸ್ತ್ರದ ಹಳೆಯ ಮಾತು. ಪುರದಲ್ಲಿ ಅದು ತಿರುವುಮುರುವಾಯಿತು. ಸಗಣಿ ಕೊಡದೆ ಕೈಕಟ್ಟಿ ಕುಳಿತವರ ಮನೆಗೂ ನೀರು ಬರುವುದಿಲ್ಲ, ದೀಪ ಹತ್ತುವುದಿಲ್ಲ. ತಪ್ಪಿಸಿಕೊಂಡರೆ ತಾನೂ ಕತ್ತಲಲ್ಲಿ ಕೂರಬೇಕು, ಜೊತೆಗೆ ಊರಿನ ಮಾತೂ ಕೇಳಬೇಕು. ಹಾಗಾಗಿ ಸಗಣಿ ಬಂತು. ಅಡುಗೆ ಅನಿಲ ಎಂದಾಗ ಸಿಗದ ಸಹಕಾರ ನೀರು ಎಂದಾಗ ಸಿಕ್ಕಿತು. ಆ ಊರಿನ ಸ್ಥಾವರದ ಮೇಲೆ ಇಷ್ಟೊಂದು ಬರೆಯಲು ಎಂಜಿನ್ನಿನ ಜಾಣ್ಮೆ ಕಾರಣವಲ್ಲ ಎಂದೇ ನನ್ನ ಅನಿಸಿಕೆ.

ಪಕ್ಕದ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲದಿಂದ ಕರೆಂಟು ಬಂತು. ಊರೇ ಬೆಳೆಸಿದ ತೋಪಿನ ಸೌದೆ, ಸಣ್ಣದೊಂದು ಗ್ಯಾಸಿಫೈಯರ್. ಅದು ದೀಪ ಉರಿಸಿತು, ಕುಡಿಯುವ ನೀರೆತ್ತಿತು, ಹಿಟ್ಟಿನ ಗಿರಣಿ ತಿರುಗಿಸಿತು, ಮುಂದೆ ಹೊಲಕ್ಕೂ ನೀರು ಹಾಯಿಸಿತು. ಈ ಹಳ್ಳಿಗಳ ಅನುಭವದಿಂದ ರೆಡ್ಡಿ ಮತ್ತು ಸಂಗಡಿಗರು ಇಡೀ ರಾಜ್ಯಕ್ಕೇ ಒಂದು ಲೆಕ್ಕಾಚಾರ ಮುಂದಿಟ್ಟರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಳಕು, ನೀರು, ಬೆಂದ ಅನ್ನ, ಅರೆದ ಹಿಟ್ಟು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು ಸ್ಥಾವರ ಎಷ್ಟು ಬೇಕೆಂದು ಹೇಳಿ ಎಂಬುದು ಅವರ ವಾದ. ದೊಡ್ಡ ಸ್ಥಾವರಗಳ ಪಟ್ಟಿ ಹಿಡಿದು ಕುಳಿತಿದ್ದ ಯೋಜಕರಿಗೆ ಅದು ರುಚಿಸಲಿಲ್ಲ.

ಮೊದಲು ಚೀಟಿ ಬರೆಯಿರಿ

ಪುರದ ಪಾಠವನ್ನು ಇವತ್ತಿನ ಕಾಡಂಚಿನ ಮನೆಗೆ ತರುವುದು ಸುಲಭ. ಒಂದು ಚೀಟಿಯಲ್ಲಿ ಮನೆಯ ಸಾಮಾನು, ಅದು ಎಳೆಯುವ ವಾಟ್, ದಿನಕ್ಕೆ ಉರಿಯುವ ಗಂಟೆ ಬರೆಯಬೇಕು. ಎರಡನ್ನೂ ಗುಣಿಸಿ ಬಂದದ್ದು ಸಾವಿರ ಮುಟ್ಟಿದರೆ ಒಂದು ಯೂನಿಟ್.

ಒಂಬತ್ತು ವಾಟಿನ ಆರು ಎಲ್‌ಇಡಿ ಬಲ್ಬು ನಾಲ್ಕು ಗಂಟೆ ಉರಿದರೆ 216. ಹತ್ತು ವಾಟಿನ ವೈಫೈ ಡಬ್ಬಿ ಹಗಲೂರಾತ್ರಿ ಉರಿದರೆ 240, ಅಂದರೆ ಮನೆಯ ಅಷ್ಟೂ ದೀಪಕ್ಕಿಂತ ಹೆಚ್ಚು! 50 ವಾಟಿನ ಟಿವಿ ಮೂರು ಗಂಟೆಗೆ 150. ಮಿಕ್ಸಿ 500 ವಾಟ್ ಎಳೆದರೂ ಕಾಲು ಗಂಟೆಗೆ 125ರಲ್ಲಿ ಮುಗಿಯುತ್ತದೆ. ಮೊಬೈಲ್‌ಗಳನ್ನೂ ಸೇರಿಸಿ ಮನೆಯ ದಿನದ ಖರ್ಚು ಒಂದು ಯೂನಿಟ್ಟಿನ ಒಳಗೇ. ಫ್ರಿಜ್ ಬಂದರೆ ಇನ್ನೊಂದು ಯೂನಿಟ್ ಆಸುಪಾಸು. ಒಂದು ಎಚ್‌ಪಿ ಪಂಪು ಎರಡು ಗಂಟೆ ಓಡಿದರೆ ಮತ್ತೆರಡು.

ಚೀಟಿಯಲ್ಲಿ ಇನ್ನೊಂದು ಕಾಲಂ ಇರಲಿ: ಯಾವ ಹೊತ್ತಿಗೆ, ಯಾವ ತಿಂಗಳಿಗೆ. ದೀಪ ರಾತ್ರಿಯ ಕೆಲಸ. ತೋಟದ ಪಂಪು ಹಗಲಿನದು, ಅದೂ ಸಂಕ್ರಾಂತಿಯಿಂದ ಈಚೆಗೆ. ಅಡಿಕೆ ಸುಲಿಯುವ ಯಂತ್ರ ಕೊಯ್ಲಿನ ಕೆಲವು ವಾರಗಳದು. ಹೀಗೆ ಬಿಡಿಸಿಟ್ಟರೆ ಮೂರು ಕಿಲೋವಾಟ್ ಬೇಕೋ ಮುನ್ನೂರು ವಾಟ್ ಸಾಕೋ ಎಂಬುದು ಅರ್ಧ ಗೊತ್ತಾಗಿಬಿಡುತ್ತದೆ. ಈ ಚೀಟಿ ಕೇಳದೆ ಬೆಲೆ ಹೇಳುವವರು ಮಾರಾಟಗಾರರು. ಅವರನ್ನು ತಜ್ಞರೆಂದು ಕರೆಯುವುದು ನಮ್ಮ ದೊಡ್ಡತನ.

ಹಳ್ಳದ ಲೆಕ್ಕ

ಹಳ್ಳದಿಂದ ಎಷ್ಟು ಕರೆಂಟು ಬರುತ್ತದೆ ಎಂಬುದು ಎರಡೇ ಸಂಗತಿಯ ಮೇಲೆ ನಿಂತಿದೆ: ಸೆಕೆಂಡಿಗೆ ಎಷ್ಟು ಲೀಟರ್ ನೀರು, ಅದು ಎಷ್ಟು ಎತ್ತರದಿಂದ ಬೀಳುತ್ತದೆ. ಒಂದು ಲೀಟರ್ ಒಂದು ಮೀಟರ್ ಬಿದ್ದರೆ ಸುಮಾರು ಹತ್ತು ವಾಟ್. ಪೈಪು, ಚಕ್ರ, ಡೈನಮೋ ಎಲ್ಲ ತಮ್ಮ ಪಾಲು ತಿಂದ ಮೇಲೆ ಕೈಗೆ ಸಿಗುವುದು ಅರ್ಧ, ಅಂದರೆ ಐದು ವಾಟ್.

ಅಳೆಯಲು ಎಂಜಿನಿಯರ್ ಬೇಕಿಲ್ಲ. ನೀರನ್ನು ಒಂದು ಕಡೆ ಕಟ್ಟಿ ಪೈಪಿಗೆ ತಿರುಗಿಸಿ, 20 ಲೀಟರಿನ ಕ್ಯಾನು ಹಿಡಿದು ಗಡಿಯಾರ ನೋಡಿದರಾಯಿತು. ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಐದು ಲೀಟರ್. ಎತ್ತರಕ್ಕೆ ಗಾರೆಯವರ ಮಟ್ಟದ ಪೈಪು ಸಾಕು. ಐದು ಲೀಟರು ಇಪ್ಪತ್ತು ಮೀಟರ್ ಇಳಿದರೆ ಕೈಗೆ 500 ವಾಟ್.

ಐನೂರೇ ಎಂದು ಮೂಗು ಮುರಿಯಬೇಡಿ. ಹಳ್ಳಕ್ಕೆ ರಾತ್ರಿಯಿಲ್ಲ. ಇಪ್ಪತ್ತನಾಲ್ಕು ಗಂಟೆಗೆ ಅದು 12 ಯೂನಿಟ್ ಆಗುತ್ತದೆ. ಅಷ್ಟನ್ನು ಬಿಸಿಲಿನಿಂದ ಪಡೆಯಲು ಒಳ್ಳೆಯ ದಿನಗಳಲ್ಲೇ ಮೂರು ಕಿಲೋವಾಟ್ ಪ್ಯಾನೆಲ್ ಬೇಕು. ಬ್ಯಾಟರಿಯ ಖರ್ಚೂ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಆದರೆ ಒಂದೇ ಸಲಕ್ಕೆ ಸಿಗುವುದು ಐನೂರೇ ವಾಟ್ ಆದ್ದರಿಂದ ಮಿಕ್ಸಿ ತಿರುಗುವಾಗ ಟಿವಿ ಆರಿಸಬೇಕು, ಪಂಪು ಶುರುವಾಗುವ ಮಾತೇ ಇಲ್ಲ. ಯಾರೂ ಬಳಸದ ಹೊತ್ತಿನಲ್ಲಿ ಚಕ್ರ ಅಂಕೆ ಮೀರಿ ತಿರುಗದಂತೆ ಉಳಿದ ಕರೆಂಟನ್ನು ಎಲ್ಲಾದರೂ ಸುರಿಯಬೇಕು. ಅದಕ್ಕೊಂದು ನಿಯಂತ್ರಕ ಪೆಟ್ಟಿಗೆ ಇರುತ್ತದೆ. ಬಚ್ಚಲಿನ ಹಂಡೆಗೆ ಒಂದು ಕಾಯಿಲ್ ಇಳಿಬಿಟ್ಟರೆ ಮಿಕ್ಕದ್ದೆಲ್ಲ ಬಿಸಿನೀರಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದಕ್ಕಿಂತ ಸುಖ ಇನ್ನೇನಿದೆ.

ತೊಂದರೆಗಳೂ ಇವೆ. ಎಲೆ-ಕಸ ಕಟ್ಟಿ ಜಾಳಿಗೆ ಮುಚ್ಚುತ್ತದೆ, ಸುರಿಯುವ ಮಳೆಯಲ್ಲಿ ಯಾರಾದರೂ ಮೇಲೆ ಹತ್ತಿ ಬಿಡಿಸಬೇಕು. ಗುಡುಗಿನ ದಿನ ನಿಯಂತ್ರಕ ಸುಟ್ಟುಹೋಗುವುದುಂಟು. ಎಲ್ಲಕ್ಕಿಂತ ಮುಖ್ಯ, ಶ್ರಾವಣದಲ್ಲಿ ಅಳೆದ ನೀರು ಚೈತ್ರದಲ್ಲಿ ಇರುವುದಿಲ್ಲ. ಮಾರ್ಚಿನಲ್ಲಿ ಮತ್ತೊಮ್ಮೆ ಅಳೆಯದೆ ಯಂತ್ರಕ್ಕೆ ಮುಂಗಡ ಕೊಟ್ಟರೆ ಮೂರು ತಿಂಗಳು ಚಕ್ರ ನೋಡಿಕೊಂಡು ಕೂರಬೇಕಾದೀತು. ಕೆಳಗಿನ ತೋಟದವರು ಅದೇ ಹಳ್ಳದ ನೀರು ನಂಬಿದ್ದರೆ ಅವರ ಜೊತೆ ಮೊದಲೇ ಕೂತು ಮಾತಾಡಬೇಕು. ಚಕ್ರ ತಿರುಗಿಸಿದ ನೀರು ಹಳ್ಳಕ್ಕೇ ಮರಳುತ್ತದೆ ನಿಜ, ಆದರೆ ಎಲ್ಲಿಗೆ ಮರಳುತ್ತದೆ ಎಂಬುದರ ಮೇಲೆ ಜಗಳ ನಿಂತಿದೆ.

ಬಿಸಿಲಿನ ಪಾಲು

ಕರ್ನಾಟಕದ ಬಯಲಿನಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದದ್ದು ಆ ಬಿಸಿಲಿನ ಬಲದಿಂದ. ಆಗುಂಬೆಯ ಜುಲೈಗೆ ಪಾವಗಡದ ಲೆಕ್ಕ ಹಚ್ಚಬಾರದು. ಮಳೆಗಾಲದಲ್ಲಿ ಇಳುವರಿ ಮೂರನೇ ಒಂದಕ್ಕೂ ಇಳಿಯಬಹುದು, ಮರದ ನೆರಳು ಬಿದ್ದರೆ ಅದೂ ಇಲ್ಲ. ಹಳ್ಳ ಸೋಲುವ ತಿಂಗಳಲ್ಲಿ ಬಿಸಿಲು ಗೆಲ್ಲುತ್ತದೆ, ಬಿಸಿಲು ಸೋಲುವಾಗ ಹಳ್ಳ. ಮಲೆನಾಡಿಗೆ ಎರಡನ್ನೂ ಸಣ್ಣದಾಗಿ ಹಾಕುವುದೇ ಸರಿ.

ಬ್ಯಾಟರಿಯ ವಿಷಯದಲ್ಲಿ ಮೋಸ ಹೋಗುವವರು ಬಹಳ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತ ಹೋದರೆ ಬೇಗ ಸಾಯುತ್ತದೆ. ಹಾಗಾಗಿ ಕೈಗೆ ಸಿಗುವುದು ಒಂದು ಯೂನಿಟ್ಟಿಗೂ ಕಡಿಮೆ. ದಿನಕ್ಕೆ ಒಂದು ಯೂನಿಟ್ ಬೇಕಾದ ಮನೆ ಮೂರು ದಿನ ಬಿಸಿಲಿಲ್ಲದೆ ಕಳೆಯಬೇಕಾದರೆ ಅಂಥವು ಮೂರು-ನಾಲ್ಕು ಬೇಕು. ಲಿಥಿಯಂ ಬ್ಯಾಟರಿ ಹೆಚ್ಚು ಆಳಕ್ಕೆ ಇಳಿಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ, ಮೊದಲ ದಿನದ ಬೆಲೆಯೂ ಹೆಚ್ಚು.

ಅರ್ಧ ಗೊತ್ತಿರುವ ಇನ್ನೊಂದು ಸಂಗತಿ ಸಹಾಯಧನದ್ದು. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿಗೆ ಗರಿಷ್ಠ 78,000 ರೂಪಾಯಿ ಸಿಗುತ್ತದೆ. ಅದು ಲೈನಿಗೆ ಜೋಡಿಸಿದ ಸೋಲಾರಿಗೆ ಮಾತ್ರ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲವಾದರೆ ತಂತಿ ಸರಿಮಾಡಲು ಕಂಬ ಹತ್ತಿದವರಿಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಸೋಲಾರ್ ಇದ್ದೂ ಕರೆಂಟು ಹೋಯಿತಲ್ಲ ಎಂದು ಎಷ್ಟೋ ಮನೆಗಳಲ್ಲಿ ಬೈಗುಳ ಕೇಳುವುದು ಇದಕ್ಕೇ.

ತೋಟದ ಪಂಪಿಗೆ ಬೇರೆ ದಾರಿಯಿದೆ. ಪಿಎಂ-ಕುಸುಮ್ ಯೋಜನೆಯ ‘ಬಿ’ ಭಾಗ ಲೈನಿಲ್ಲದ ಕಡೆಯ ಸೋಲಾರ್ ಪಂಪುಗಳದು. ಕೇಂದ್ರದ ಶೇ 30, ರಾಜ್ಯದ ಶೇ 50 ಸೇರಿ ರೈತರ ಪಾಲಿಗೆ ಶೇ 20 ಉಳಿಯುತ್ತದೆ. ಪಂಪಿಗೆ ಬ್ಯಾಟರಿ ಬೇಡ. ಬಿಸಿಲಿದ್ದಾಗ ನೀರೆತ್ತಿ ಮೇಲಿನ ತೊಟ್ಟಿ ತುಂಬಿಸಿದರೆ ತೊಟ್ಟಿಯೇ ಬ್ಯಾಟರಿ.

ಜುರಾಂಗ್ ಐಲ್ಯಾಂಡ್‌ನಲ್ಲಿ ಮೋಡ ಬಂದಾಗ

ಮೋಡ ಬಂದಾಗ ಏನು ಮಾಡುವುದು ಎಂಬುದು ಮಲೆನಾಡಿನ ಪ್ರಶ್ನೆ ಮಾತ್ರವಲ್ಲ. ಶಕ್ತಿಯ ತಜ್ಞರು ಒಂದೇ ಕಡೆ ಗುಂಪುಗೂಡಿರುವ ಜಾಗ ಬೇಕೆಂದರೆ ಸಿಂಗಪುರದ ಜುರಾಂಗ್ ಐಲ್ಯಾಂಡ್ ನೋಡಬೇಕು. ಮೊದಲು ಅಲ್ಲಿದ್ದದ್ದು ಏಳು ಪುಟ್ಟ ದ್ವೀಪಗಳು, ಕೆಲವದರಲ್ಲಿ ಮೀನುಗಾರರ ಹಳ್ಳಿಗಳು. ನಡುವಿನ ಸಮುದ್ರಕ್ಕೆ ಮಣ್ಣು ತುಂಬಿ ಒಂದೇ ದ್ವೀಪ ಮಾಡಿ 2000ದ ಅಕ್ಟೋಬರಿನಲ್ಲಿ ಉದ್ಘಾಟಿಸಿದರು. ಇವತ್ತು ಅಲ್ಲಿರುವುದು ತೈಲ ಸಂಸ್ಕರಣಾಗಾರ, ರಾಸಾಯನಿಕ ಕಾರ್ಖಾನೆ, ವಿದ್ಯುತ್ ಸ್ಥಾವರ, ದ್ರವ ಅನಿಲದ ಬಂದರುಕಟ್ಟೆ. ಪಾಸಿಲ್ಲದವರು ಸೇತುವೆ ದಾಟುವಂತಿಲ್ಲ. ಸಿಂಗಪುರದ ವಿದ್ಯುತ್ತಿನಲ್ಲಿ ಸುಮಾರು ಶೇ 95 ಹೊರಗಿನಿಂದ ತಂದ ನೈಸರ್ಗಿಕ ಅನಿಲದ್ದು. ಆ ದೇಶಕ್ಕೆ ಹಳ್ಳವೂ ಇಲ್ಲ, ಗಾಳಿಯೂ ಅಷ್ಟಕ್ಕಷ್ಟೆ. ಸ್ವಂತದ್ದೆಂದು ಇರುವುದು ಬಿಸಿಲೊಂದೇ, ಅದಕ್ಕೂ ದಿನವೂ ಮೋಡದ ಕಾಟ.

ಆ ಮೋಡಕ್ಕೆಂದೇ 2023ರ ಫೆಬ್ರುವರಿಯಲ್ಲಿ ಜುರಾಂಗ್ ಐಲ್ಯಾಂಡ್‌ನಲ್ಲಿ ಸೆಂಬ್‌ಕಾರ್ಪ್ ಕಂಪನಿಯ ಬ್ಯಾಟರಿ ಸಂಗ್ರಹಾಗಾರ ಶುರುವಾಯಿತು. ಸಾಮರ್ಥ್ಯ 285 ಮೆಗಾವಾಟ್-ಅವರ್, ನಮ್ಮ ಲೆಕ್ಕದಲ್ಲಿ 2,85,000 ಯೂನಿಟ್. ಒಮ್ಮೆ ಪೂರ್ತಿ ಬಿಟ್ಟರೆ ಅಲ್ಲಿನ ನಾಲ್ಕು ಕೋಣೆಯ ಸುಮಾರು 24,000 ಸರ್ಕಾರಿ ಫ್ಲ್ಯಾಟ್‌ಗಳ ಒಂದು ದಿನದ ಖರ್ಚಿಗಾಗುತ್ತದೆ. ಜುರಾಂಗ್‌ನ ಎಂಜಿನಿಯರ್ ಕೇಳುವುದೂ ಕಾಡಂಚಿನ ಮನೆಯ ಚೀಟಿ ಕೇಳುವುದನ್ನೇ: ಎಷ್ಟು ಯೂನಿಟ್, ಯಾವ ಹೊತ್ತಿಗೆ, ಎಷ್ಟು ಹೊತ್ತು.

ಅದೇ ದೇಶದ ಈಶಾನ್ಯಕ್ಕೆ ಪುಲಾವ್ ಉಬಿನ್ ಎಂಬ ದ್ವೀಪವಿದೆ. ಹಳೆಯ ಹಳ್ಳಿಯ ಮನೆಗಳು ಅಲ್ಲಿ ಇನ್ನೂ ಉಳಿದಿವೆ. ಇಷ್ಟು ಶ್ರೀಮಂತ ದೇಶವೂ ಅಲ್ಲಿಗೆ ಸಮುದ್ರದಡಿ ಕೇಬಲ್ ಎಳೆಯಲಿಲ್ಲ. ಅಷ್ಟು ಕಡಿಮೆ ಬಳಕೆಗೆ ಅಷ್ಟು ಖರ್ಚು ಹೊಂದುವುದಿಲ್ಲ ಎಂಬುದು ಕಾರಣ. ಮನೆಮನೆಯಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. 2013ರಲ್ಲಿ ಅಲ್ಲಿನ ಇಂಧನ ಪ್ರಾಧಿಕಾರ ದೋಣಿಕಟ್ಟೆಯ ಸುತ್ತಲಿನ ಮನೆ-ಅಂಗಡಿಗಳಿಗೆ ಸೋಲಾರ್ ಮತ್ತು ಜೈವಿಕ ಡೀಸೆಲ್ ಸೇರಿಸಿದ ಕಿರು ಜಾಲವೊಂದನ್ನು ಪ್ರಯೋಗಕ್ಕೆ ಹಚ್ಚಿತು. ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯ ಸೆಮಾಕಾವ್ ದ್ವೀಪದಲ್ಲಿ ಇಂಥ ಜಾಲಗಳನ್ನೇ ಪರೀಕ್ಷಿಸುತ್ತದೆ, ಆಗ್ನೇಯ ಏಷ್ಯಾದ ದೂರದ ದ್ವೀಪ-ಹಳ್ಳಿಗಳನ್ನು ಕಣ್ಣಮುಂದಿಟ್ಟುಕೊಂಡು. ಕಡೆಯ ಮನೆಗೆ ತಂತಿ ಎಳೆಯದಿರುವುದು ಬಡ ಸರ್ಕಾರದ ಗುಣ ಮಾತ್ರ ಅಲ್ಲ ಎಂದಾಯಿತು.

ಒಲೆಯ ಮಾತು ಬೇರೆ

ಕರೆಂಟಿನಲ್ಲಿ ಅಡುಗೆ ಮಾಡಲು ಹೊರಟರೆ ಚೀಟಿಯ ಲೆಕ್ಕವೆಲ್ಲ ತಲೆಕೆಳಗು. ಇಂಡಕ್ಷನ್ ಒಲೆ ಒಂದೇ 1,500ರಿಂದ 2,000 ವಾಟ್ ಎಳೆಯುತ್ತದೆ. ಲೈನಿಲ್ಲದ ಊರಿನಲ್ಲಿ ಬಿಸಿಗೆ ಸಗಣಿ, ಸೌದೆ, ಸೋಲಾರ್ ವಾಟರ್ ಹೀಟರ್ ಎಂದು ಬೇರೆಯಾಗಿಯೇ ಯೋಚಿಸಬೇಕು.

ಎರಡು ಘನಮೀಟರಿನ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ ಬೇಕು, ನಾಲ್ಕೈದು ಜಾನುವಾರು ಇದ್ದರೆ ಸರಿಹೋಗುತ್ತದೆ. ನಾಲ್ಕೈದು ಮಂದಿಯ ಅಡುಗೆ ಅದರಲ್ಲಿ ಆಗುತ್ತದೆ. ದನ ಮಾರಿ ಕೊಟ್ಟಿಗೆ ಖಾಲಿಯಾದ ಮನೆಗೆ ಈ ಸಲಹೆ ಕೊಡುವವರೂ ಇದ್ದಾರೆ! ಸೌದೆಯೇ ಗತಿಯಾದರೆ ಹೊಗೆಕೊಳವೆಯ ‘ಅಸ್ತ್ರ ಒಲೆ’ ಇದೆ. ಅದೂ ಅದೇ ವಿಜ್ಞಾನ ಸಂಸ್ಥೆಯ ಕೂಸು. ಅಡಿಕೆ ಬೇಯಿಸುವ ಒಲೆಯನ್ನೂ ಈ ಕಣ್ಣಿನಿಂದ ನೋಡಿದರೆ ಬೆಟ್ಟದ ಸೌದೆ ಎಷ್ಟೋ ಉಳಿದೀತು.

ತಂತಿ ಎಲ್ಲಿ ನಿಲ್ಲುತ್ತದೆ

ಸರ್ಕಾರದ ಕಾಗದದಲ್ಲಿ ದೇಶದ ಎಲ್ಲ ಗ್ರಾಮಗಳೂ 2018ರ ಏಪ್ರಿಲ್ 28ರಂದೇ ವಿದ್ಯುದೀಕರಣಗೊಂಡಿವೆ. ಊರಿನ ಶೇ 10ರಷ್ಟು ಮನೆಗಳಿಗೂ ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಜಾಗಗಳಿಗೂ ಸಂಪರ್ಕ ಸಿಕ್ಕರೆ ಆ ಊರು ವಿದ್ಯುತ್ ಬಂದ ಊರು ಎಂಬುದು ಲೆಕ್ಕದ ನಿಯಮ. ಮನೆಗಳು ಒಂದೆಡೆ ಸೇರಿಕೊಂಡಿರುವ ಬಯಲುಸೀಮೆಗೆ ಅದು ನಡೆದೀತು. ಗುಡ್ಡಕ್ಕೊಂದು ಮನೆ ಇರುವ ಮಲೆನಾಡಿನಲ್ಲಿ ಗ್ರಾಮ ಬೆಳಗಿದ್ದರೂ ಮಜರೆ ಕತ್ತಲಲ್ಲಿರಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗೆ ನೆಲ ಬಿಟ್ಟುಕೊಟ್ಟು ಹಿನ್ನೀರಿನ ಕಾಡಿಗೆ ಸರಿದವರಲ್ಲಿ ಎಷ್ಟೋ ಮಂದಿ ಆಮೇಲೆ ದಶಕಗಳ ಕಾಲ ಚಿಮಣಿ ಬುಡ್ಡಿಯಲ್ಲೇ ಕಳೆದರು. ಅದೇ ಶರಾವತಿಯ ಕರೆಂಟು ತಲೆಯ ಮೇಲಿನ ದೊಡ್ಡ ತಂತಿಯಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು.

ಅರಣ್ಯವೇ ಅಡ್ಡಿ ಎಂದು ಹೇಳಿ ಕಳಿಸಿದ ಕಡೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮನ್ನು ತೆಗೆದು ತೋರಿಸಬಹುದು. ಶಾಲೆ, ಅಂಗನವಾಡಿ, ರಸ್ತೆಗಳ ಜೊತೆ ವಿದ್ಯುತ್ ತಂತಿ ಮತ್ತು ಅಸಾಂಪ್ರದಾಯಿಕ ಇಂಧನ ಮೂಲಗಳಿಗೂ ಅರಣ್ಯ ಭೂಮಿ ಕೊಡಲು ಅದು ಅವಕಾಶ ಕೊಡುತ್ತದೆ. ಷರತ್ತು ಮೂರು: ಒಂದು ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. 11 ಕೆವಿ ಲೈನಿಗೆ ಕಾಡಿನಲ್ಲಿ ಬಿಡುವ ದಾರಿ ಏಳು ಮೀಟರ್ ಅಗಲ ಎಂದಿಟ್ಟುಕೊಂಡರೆ ಒಂದು ಹೆಕ್ಟೇರಿನಲ್ಲಿ ಸುಮಾರು 1.4 ಕಿಲೋಮೀಟರ್ ತಂತಿ ಹೋಗುತ್ತದೆ. ನಿಮ್ಮ ಮಜರೆಗೂ ಕೊನೆಯ ಟ್ರಾನ್ಸ್‌ಫಾರ್ಮರಿಗೂ ನಡುವಿನ ಕಾಡು ಅದಕ್ಕಿಂತ ಕಡಿಮೆಯಿದ್ದರೆ ಗ್ರಾಮಸಭೆಯಲ್ಲಿ ಮಾತು ಎತ್ತಲು ಅರ್ಥವಿದೆ.

ಯಾರನ್ನು ಕೇಳುವುದು

ಸರ್ಕಾರದ ಕಡೆಯಿಂದ ನವೀಕರಿಸಬಹುದಾದ ಇಂಧನಕ್ಕೆಂದೇ ಇರುವ ಸಂಸ್ಥೆ ಕೆಆರ್‌ಇಡಿಎಲ್, 1996ರಿಂದ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ ಮಹಾತ್ಮ ಗಾಂಧಿ ಗ್ರಾಮೀಣ ಇಂಧನ ಮತ್ತು ಅಭಿವೃದ್ಧಿ ಸಂಸ್ಥೆ ತರಬೇತಿ ಕೊಡುತ್ತದೆ. ‘ಅಸ್ತ್ರ’ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ವಿಜ್ಞಾನ ಸಂಸ್ಥೆಯಲ್ಲೇ ಮುಂದುವರಿದಿದೆ. ಲೈನಿನ ಮಾತಿಗೆ ಮೆಸ್ಕಾಂ, ಹೆಸ್ಕಾಂ, ಸೆಸ್ಕ್‌ಗಳ ಉಪವಿಭಾಗದ ಕಚೇರಿ. ಇವೆಲ್ಲಕ್ಕಿಂತ ಮೊದಲು ಪಕ್ಕದ ಕಣಿವೆಯಲ್ಲಿ ಹಳ್ಳದ ಚಕ್ರ ಹಾಕಿಸಿಕೊಂಡವರ ಮನೆಗೆ ಹೋಗಿ, ಅದೂ ಮೇ ತಿಂಗಳಲ್ಲಿ. ಜಾಳಿಗೆ ಯಾರು ಬಿಡಿಸುತ್ತಾರೆ, ಕೆಟ್ಟಾಗ ಎಲ್ಲಿಂದ ಜನ ಬರುತ್ತಾರೆ ಎಂದು ಕೇಳಿ.

ದುಡ್ಡಿನ ಸಲಹೆಯೂ ತಜ್ಞರ ಸಲಹೆಯೇ. ಕರಾವಳಿ-ಮಲೆನಾಡಿನಲ್ಲಿ ಮನೆಯ ಸೋಲಾರ್ ಹಬ್ಬಿದ್ದು ಪ್ಯಾನೆಲ್ ಅಗ್ಗವಾದ ಮೇಲಲ್ಲ, ಬ್ಯಾಂಕು ಸಾಲ ಕೊಡಲು ಒಪ್ಪಿದ ಮೇಲೆ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಶುರುಮಾಡಿದಾಗ ಹೆಚ್ಚಿನ ಬೆವರು ಸುರಿದದ್ದು ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳನ್ನು ಒಪ್ಪಿಸಲು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೋಲಾರ್ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಟ್ಟವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ಬೆಳೆಗಾರರ ಕೈಗೆ ದುಡ್ಡು ಬರುವುದು ಕೊಯ್ಲಿನ ನಂತರ, ಹಾಲು ಹಾಕುವವರಿಗೆ ವಾರ-ಹದಿನೈದು ದಿನಕ್ಕೊಮ್ಮೆ. ಕಂತು ಅದಕ್ಕೆ ಹೊಂದದಿದ್ದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ಸಾಲವಾಗಿಯೇ ಉಳಿಯುತ್ತದೆ.

ಲೈನ್ ಬಂದ ಮೇಲೆ

ಇವತ್ತು ಇಲ್ಲದ ಲೈನ್ ಐದು ವರ್ಷದಲ್ಲಿ ಬಂದೀತು. ಸಲಹೆ ಕೊಡುವವರು ಆ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯ ವೈರಿಂಗ್ 230 ವೋಲ್ಟಿಗೇ ನಿಯಮದಂತೆ ಇದ್ದರೆ, ಅರ್ತಿಂಗ್ ಸರಿಯಾಗಿದ್ದರೆ, ಆಮೇಲೆ ಗೋಡೆ ಒಡೆಯಬೇಕಿಲ್ಲ. ಎರಡು ಕರೆಂಟು ಒಂದಕ್ಕೊಂದು ತಾಗದಂತೆ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು.

ದುಡ್ಡಿನ ಲೆಕ್ಕ ಅಲ್ಲಿಗೆ ಪೂರ್ತಿ ಬದಲಾಗುತ್ತದೆ. 2023ರಿಂದ ಗೃಹಜ್ಯೋತಿಯಲ್ಲಿ ಮನೆಗೆ ಗರಿಷ್ಠ 200 ಯೂನಿಟ್‌ವರೆಗೆ, ಹಿಂದಿನ ಬಳಕೆಯ ಸರಾಸರಿ ನೋಡಿ, ಉಚಿತ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಅದಕ್ಕೂ ಮೊದಲಿನಿಂದಲೇ ಉಚಿತ. ತಂತಿ ಮುಟ್ಟಿದ ಮನೆಗೆ ಇಷ್ಟೆಲ್ಲ ಸಿಗುವಾಗ ತಂತಿ ಮುಟ್ಟದ ಮನೆ ತನ್ನ ದೀಪದ ಬಂಡವಾಳವನ್ನು ತಾನೇ ಹಾಕಿ, ಬಡ್ಡಿಯನ್ನೂ ತಾನೇ ಕಟ್ಟುತ್ತಿದೆ. ಗೃಹಜ್ಯೋತಿಯ ಸರಾಸರಿ ನೆರವನ್ನು ಮನೆಯ ಬ್ಯಾಟರಿ ಸಾಲಕ್ಕೆ ಯಾಕೆ ತಿರುಗಿಸಬಾರದು ಎಂದು ಕಾಡಂಚಿನ ಗ್ರಾಮಸಭೆಗಳು ಕೇಳಿದರೆ ಅದು ಅತಿಯಾಸೆಯಲ್ಲ.

ಲೈನ್ ಬಂತೆಂದು ಹಳ್ಳದ ಚಕ್ರವನ್ನು ಗುಜರಿಗೆ ಹಾಕುವ ಅವಸರವೂ ಬೇಡ. ಮರ ಬಿದ್ದು ಲೈನ್ ಹೋಗುವ ನಾಲ್ಕು ತಿಂಗಳಿಗೆ ಅದು ಬೇಕಾಗುತ್ತದೆ. ಪ್ಯಾನೆಲ್‌ಗಳನ್ನು ಬೇಸಿಗೆಯ ತೋಟಕ್ಕೆ ತಿರುಗಿಸಬಹುದು. ಹಂಡೆಗೆ ಇಳಿಬಿಟ್ಟ ಕಾಯಿಲ್ಲನ್ನು ಮಾತ್ರ ಮನೆ ಲೈನಿನ ಮೇಲೆ ಇರುವಾಗ ಮರೆಯದೆ ಬಿಚ್ಚಿಡಿ. ಹಗಲೂರಾತ್ರಿ ನೀರು ಕಾಯಿಸಲು ಹಳ್ಳಕ್ಕೆ ಬಿಲ್ಲಿರಲಿಲ್ಲ, ಮೀಟರಿಗೆ ಇರುತ್ತದೆ.